ಚಪ್ಪಲಿ ಹುಡುಕುವ ಮನೆ

ಊರಿನ ಅರ್ಧ ಬಾಗಿಲುಗಳಿಗೆ ಬೀಗ ಕೂರಿಸಿದವನ ಮನೆಗೆ ಹಗಲು ಹೊತ್ತು ಬೀಗ ಇರುತ್ತಿರಲಿಲ್ಲ. ಬೀಗದಂಗಡಿಯವನಿಗೆ ಆ ವಿಷಯದಲ್ಲಿ ಒಂದು ಹಟ. "ಬೀಗ ಇರೋದು ಕಳ್ಳನಿಗೆ. ಹೆತ್ತ ತಾಯಿಯನ್ನ ಒಳಗಿಟ್ಟು ಬೀಗ ಜಡಿದು ಹೋದ್ರೆ, ಆಮೇಲೆ ಯಾವ ಮುಖ ಇಟ್ಕೊಂಡು ಅಂಗಡಿಯಲ್ಲಿ ಕೂತು ಕೀಲಿ ಉಜ್ಜಲಿ?" ಎಂದು ಹೆಂಡತಿಗೆ ಹೇಳಿದ್ದ. ಮಾತು ಕೇಳುವುದಕ್ಕೆ ಚೆನ್ನಾಗಿತ್ತು. ಬೀಗ ಹಾಕುವ ಬದಲು ಅವರು ತಾಯಿಯ ಚಪ್ಪಲಿ ಬಚ್ಚಿಡುತ್ತಿದ್ದರು.

ಬೇರೆ ಮನೆಯಲ್ಲಾಗಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಆ ತಾಯಿ, ಮೊಮ್ಮಗಳ ಬಾಯಲ್ಲಿ ಅಜ್ಜಿ, ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ನೌಕರಿಯ ಬಹುಪಾಲು ಇಂಜೆಕ್ಷನ್ ಕೋಣೆಯಲ್ಲೇ ಸವೆದಿತ್ತು. ಮೊಳೆ ತುಳಿದವರು, ಗಾಜು ತುಳಿದವರು, ತುಕ್ಕು ತಗಡಿನ ಮೇಲೆ ಕಾಲಿಟ್ಟವರು ಕುಂಟುತ್ತ ಬಂದರೆ, "ಚಪ್ಪಲಿ ಹಾಕ್ಕೊಳ್ಳೋಕೆ ಏನು ಧಾಡಿ ನಿನಗೆ?" ಎಂದು ಬೈದೇ ಸೂಜಿ ಚುಚ್ಚುತ್ತಿದ್ದಳು. ಚುಚ್ಚಿದ್ದಕ್ಕಿಂತ ಬೈದದ್ದೇ ಹೆಚ್ಚು ನೋವಾಯಿತು ಎಂದು ಬೀದಿಯಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಅವರೆಲ್ಲರಿಗೂ ಅವಳು ಸಿಸ್ಟರಮ್ಮ. ಅಂಥವಳು ಬರಿಗಾಲಲ್ಲಿ ಹೊಸ್ತಿಲು ದಾಟುವುದುಂಟೆ? ಇನ್ನೊಬ್ಬರ ಚಪ್ಪಲಿಗೆ ಕಾಲು ತೂರಿಸುವುದಂತೂ ಅವಳ ಶಾಸ್ತ್ರದಲ್ಲಿ ರೋಗವನ್ನು ಕರೆದು ಕೂರಿಸಿದ ಹಾಗೆ.

ಬಚ್ಚಿಡಲು ಕಾರಣವಿತ್ತು. ಒಂದು ಮಧ್ಯಾಹ್ನ ಅಜ್ಜಿ ಡ್ಯೂಟಿಗೆಂದು ಹೊರಟು, ಹಳೆಯ ಆಸ್ಪತ್ರೆ ಇದ್ದ ಜಾಗಕ್ಕೆ ಹೋಗಿದ್ದಳು. ಆಸ್ಪತ್ರೆ ಬೇರೆ ಕಡೆಗೆ ಹೋಗಿ ಎಷ್ಟೋ ವರ್ಷವಾಗಿ, ಅಲ್ಲೀಗ ವಾಹನ ನಿಲ್ಲಿಸುತ್ತಿದ್ದರು. ಸಾಲಾಗಿ ನಿಂತ ಕಾರುಗಳ ನಡುವೆ ಇಂಜೆಕ್ಷನ್ ಕೋಣೆ ಹುಡುಕುತ್ತಿದ್ದವಳನ್ನು ಹಿಮ್ಮುಖವಾಗಿ ಬರುತ್ತಿದ್ದ ಲಾರಿಯ ಚಾಲಕ ಕಂಡಿದ್ದೇ ಪುಣ್ಯ. ಮರೆವು ಶುರುವಾಗಿದೆ, ಒಬ್ಬರನ್ನೇ ಹೊರಗೆ ಬಿಡಬೇಡಿ ಎಂದರು ಡಾಕ್ಟರು.

ಅಂದಿನಿಂದ ಬೆಳಗಿನ ಕೆಲಸಗಳಿಗೆ ಇನ್ನೊಂದು ಸೇರಿತು. ಹಾಲು ಕಾಯಿಸುವುದು, ಬ್ರೆಡ್ ಸುಡುವುದು, ಅಜ್ಜಿಯ ಚಪ್ಪಲಿ ಹುಡುಕುವುದು. ಮೂವರೂ ಹುಡುಕುತ್ತಿದ್ದರು. ಮಗ ಮಂಚದ ಕೆಳಗೆ ಬಗ್ಗಿ, ಅಲ್ಲಿಲ್ಲವೆಂದು ಚೆನ್ನಾಗಿ ಗೊತ್ತಿದ್ದ ಜಾಗದಲ್ಲಿ ಕೈಯಾಡಿಸುತ್ತಿದ್ದ. ಮೊಮ್ಮಗಳು ಬಾಗಿಲ ಹಿಂದೆ ಇಣುಕುತ್ತಿದ್ದಳು. ಕೊನೆಗೆ ಸೊಸೆ, "ಎಲ್ಲೋ ಇಟ್ಟಿರ್ತೀರಿ ಅತ್ತೆ, ಸಿಗುತ್ತೆ ಬಿಡಿ. ಒಮ್ಮೊಮ್ಮೆ ಹಾಗಾಗುತ್ತೆ" ಎಂದು ಸಮಾಧಾನ ಹೇಳಿ ಲಾಂಡ್ರಿಗೆ ಹೊರಡುತ್ತಿದ್ದಳು. ಮಗನಿಗೆ ಬಿಡುವಾದ ಭಾನುವಾರ ಮಾತ್ರ ಚಪ್ಪಲಿ ಬಾಗಿಲ ಬಳಿಯೇ ಸಿಗುತ್ತಿತ್ತು. ಬಿಡುವಾಗುವ ಭಾನುವಾರಗಳು ಕಡಿಮೆ ಇದ್ದವು.

ನಾಯಿಯ ಮಾತು ತೆಗೆದವಳು ಮೊಮ್ಮಗಳು, ರಾತ್ರಿ ಊಟಕ್ಕೆ ಕೂತಾಗ.

"ಅಜ್ಜಿ ಇಡೀ ಹಗಲು ಒಬ್ಬಳೇ ಇರ್ತಾಳೆ. ನಾನು ಕಾಲೇಜು, ಅಮ್ಮ ಲಾಂಡ್ರಿ, ಅಪ್ಪ ಅಂಗಡಿ. ಒಂದು ನಾಯಿ ಇದ್ರೆ ಜೊತೆಯಾಗುತ್ತೆ. ನಮ್ಮ ಡ್ರಾಯಿಂಗ್ ಟೀಚರ್ ಮನೆ ಬದಲಾಯಿಸ್ತಿದ್ದಾರಂತೆ, ಅಲ್ಲಿ ನಾಯಿ ಸಾಕೋ ಹಾಗಿಲ್ಲವಂತೆ. ನೋಡಿಲ್ಲಿ."

ಬೀಗದವನು ಅನ್ನದ ಕೈಯನ್ನು ದೂರ ಹಿಡಿದು ಮೊಬೈಲ್ ನೋಡಿದ. "ಇದು ನಗ್ತಾ ಇದೆಯಲ್ಲೇ."

"ರಿಟ್ರೀವರ್ ಅಪ್ಪ. ಅದರ ಮುಖವೇ ಹಾಗೆ."

"ನಾಯಿ ಅಂದ್ರೆ ಬೊಗಳ್ಬೇಕು, ಬೇಕಾದ್ರೆ ಕಚ್ಚಬೇಕು. ಕಚ್ಚದ ನಾಯಿ, ಕೀಲಿ ಇಲ್ಲದ ಬೀಗ, ಎರಡೂ ನೋಡೋಕಷ್ಟೇ ಚಂದ."

"ಕಚ್ಚುತ್ತೋ ಬಿಡುತ್ತೋ, ಕೂದಲು ಉದುರಿಸುತ್ತಲ್ಲ?" ಎಂದಳು ಸೊಸೆ. ಇಡೀ ದಿನ ಹೋಟೆಲಿನ ಬಿಳಿ ಹಾಸುಗಳಿಗೆ ಇಸ್ತ್ರಿ ಹಾಕಿ ಅವಳ ತೋಳು ಮೇಲೇಳುತ್ತಿರಲಿಲ್ಲ. "ನಾಯಿ ಬೇಕು ಅನ್ನೋ ಬಾಯಿ ಒಬ್ಬರದು, ಗುಡಿಸೋ ಕೈ ಇನ್ನೊಬ್ಬರದು. ಈ ಮನೆಯಲ್ಲಿ ಯಾವಾಗಲೂ ಹಾಗೇ."

"ನಾನು ಗುಡಿಸ್ತೀನಮ್ಮ."

"ನಿನ್ನ ತಟ್ಟೆ ಎತ್ತಿಡು ಮೊದಲು."

ಅಜ್ಜಿ ಆಲೂಗಡ್ಡೆಯನ್ನು ಹಿಸುಕುತ್ತಿದ್ದವಳು ತಲೆಯೆತ್ತಿದಳು. "ಯಾವ ನಾಯಿ?" ಎಂದಳು. ಸ್ವಲ್ಪ ಮುಂಚೆಯೂ ಅದನ್ನೇ ಕೇಳಿದ್ದಳು. ಮೊಮ್ಮಗಳು ಮತ್ತೆ ಹೇಳಿದಳು. "ಬರಲಿ ಬಿಡು. ಇಂಜೆಕ್ಷನ್ ಹಾಕ್ಸಿದ್ದಾರಾ ಕೇಳು," ಎಂದಳು ಅಜ್ಜಿ.

ಡ್ರಾಯಿಂಗ್ ಟೀಚರ್ ಪ್ರಾಮಾಣಿಕ ಹೆಂಗಸು. ನಾಯಿಯನ್ನು ಕರೆತಂದ ದಿನ ಅದರ ಗುಣಕ್ಕಿಂತ ಅವಗುಣಗಳನ್ನೇ ಹೆಚ್ಚು ಹೇಳಿದಳು. "ಕೂದಲು ವರ್ಷವಿಡೀ ಉದುರುತ್ತೆ. ಹೊಟ್ಟೆ ತುಂಬಿದ್ದು ಅದಕ್ಕೆ ಗೊತ್ತಾಗಲ್ಲ. ದಿನಕ್ಕೆ ಎರಡು ಹೊತ್ತು ಓಡಾಡಿಸದಿದ್ರೆ ಸೋಫಾ ತಿನ್ನುತ್ತೆ. ಕಾವಲಿಗಂತೂ ಆಗಿ ಬರಲ್ಲ. ಕಳ್ಳ ಬಂದ್ರೆ ಬಾಲ ಅಲ್ಲಾಡಿಸಿ ನಿಮ್ಮ ಪರ್ಸು ತಂದುಕೊಡುತ್ತೆ."

"ಮತ್ತೆ ಇದರಿಂದ ಉಪಯೋಗ?" ಬೀಗದವನು ಅದರ ದವಡೆ ಎತ್ತಿ, ಕೆಟ್ಟ ಬೀಗವನ್ನು ನೋಡುವಂತೆ ಒಳಗೆ ಇಣುಕಿದ.

"ತರುತ್ತೆ. ಬೇಟೆಯವರು ಹೊಡೆದ ಹಕ್ಕಿಯನ್ನ ಹುಡುಕಿ ತರೋಕೆ ಅಂತಲೇ ಸಾಕಿದ ಜಾತಿ ಇದು. ಹಲ್ಲು ತಾಗಿಸಲ್ಲ. ನೋಡಿ." ಟೀಚರ್ ಅಡುಗೆಮನೆಯಿಂದ ಒಂದು ಮೊಟ್ಟೆ ಕೇಳಿ ತೆಗೆದುಕೊಂಡು ನೆಲದ ಮೇಲಿಟ್ಟಳು. ನಾಯಿ ಅದನ್ನು ಬಾಯಲ್ಲಿ ಎತ್ತಿಕೊಂಡು, ಕೂತಿದ್ದವರನ್ನೆಲ್ಲ ಒಮ್ಮೆ ನೋಡಿ, ಅಜ್ಜಿಯ ಮಡಿಲಿಗೆ ಇಟ್ಟಿತು. ಅಜ್ಜಿ ಮೊಟ್ಟೆಯನ್ನು ಬೆಳಕಿಗೆ ಹಿಡಿದಳು. ಒಂದು ಗೆರೆಯೂ ಬಿದ್ದಿರಲಿಲ್ಲ.

"ಏನು ಮಾರಾಯ, ಕೈ ಹಗುರ ನಿಂದು," ಎಂದಳು. ಅದು ಬಾಲ ಬಡಿಯಿತು. ಟೀಚರ್ ಇಟ್ಟಿದ್ದ ಹೆಸರು ಉದ್ದದ್ದು, ಮನೆಯಲ್ಲಿ ಯಾರ ನಾಲಗೆಗೂ ಹೊರಳದ್ದು. ಅವತ್ತಿನಿಂದ ಮಾರಾಯ ಎಂದೇ ಆಯಿತು.

ಒಂದು ತಿಂಗಳು ಇಟ್ಟು ನೋಡುವುದೆಂದು ಮಾತು. ಒಪ್ಪದಿದ್ದರೆ, ದೊಡ್ಡ ಕಾಂಪೌಂಡಿರುವ ಇನ್ನೊಂದು ಮನೆಯವರು ಕಾಯುತ್ತಿದ್ದರು.

ಮೊದಲ ವಾರ ಮಾರಾಯ ಒಳ್ಳೆಯ ಹೆಸರು ಮಾಡಿತು. ಒಂಟಿ ಕಾಲುಚೀಲಗಳು ಜೋಡಿಯಾದವು. ವರ್ಷದ ಹಿಂದೆ ಕಳೆದಿದ್ದ ಅಳತೆ ಟೇಪು ಬೀರುವಿನ ಅಡಿಯಿಂದ ಹೊರಬಂತು. ಅಜ್ಜಿಯ ಕನ್ನಡಕ ಬಿದ್ದರೆ ಸಾಕು, ಅವಳ ಕೈಗೆ ಬರುತ್ತಿತ್ತು, ಸ್ವಲ್ಪ ಒದ್ದೆಯಾಗಿ. ಹಗಲೆಲ್ಲ ಅಜ್ಜಿ ಅದಕ್ಕೆ ತನ್ನ ಡ್ಯೂಟಿಯ ಕತೆಗಳನ್ನು ಹೇಳುತ್ತಿದ್ದಳು. ಒಂದೇ ಕತೆಯನ್ನು ಎಷ್ಟು ಸಲ ಹೇಳಿದರೂ ಅದು "ಆಗಲೇ ಹೇಳಿದ್ರಿ" ಅನ್ನುತ್ತಿರಲಿಲ್ಲ. ಆ ಮನೆಯಲ್ಲಿ ಈ ಗುಣವಿದ್ದ ಜೀವ ಅದೊಂದೇ.

ಎರಡನೆಯ ವಾರ ಕೂದಲು ಲಾಂಡ್ರಿ ತಲುಪಿತು. ಸೊಸೆ ಇಸ್ತ್ರಿ ಮಾಡಿ ಮಡಿಸಿದ ಹಾಸಿನೊಳಗೆ ಹೊಂಬಣ್ಣದ ಕೂದಲು ಸಿಕ್ಕಿ, ಹೋಟೆಲಿನವರು ಗಂಟನ್ನೇ ವಾಪಸು ಕಳಿಸಿದರು. ಲಾಂಡ್ರಿಯ ಮೇಲಿನವನು ಎಲ್ಲರೆದುರಿಗೆ ಅವಳನ್ನು ಬೈದ. ಸಂಜೆ ಅವಳು ಪಾತ್ರೆ ತಿಕ್ಕುವ ಸದ್ದಿನಲ್ಲೇ ಮನೆಯವರಿಗೆ ವಿಷಯ ತಿಳಿಯಿತು.

"ತಿಂಗಳು ಅಂತ ಯಾಕೆ ಕಾಯ್ಬೇಕು? ನಾಳೇನೇ ಫೋನ್ ಮಾಡಿ ಕಳ್ಸಿ."

"ಅಮ್ಮ ಖುಷಿಯಾಗಿದ್ದಾಳಲ್ಲೇ."

"ನಿಮ್ಮಮ್ಮ ಖುಷಿಯಾಗಿರ್ಲಿ, ನಾನು ಬೇಡ ಅಂದ್ನಾ? ನಾನು ಖುಷಿಯಾಗಿದ್ದೀನಾ ಅಂತ ಕೇಳೋಕೆ ಯಾವ ನಾಯಿ ತರ್ತೀರಿ?"

ನಾಯಿ ಅವಳ ಬಳಿಗೆ ಹೋಗಿ ಒಂದು ಒದ್ದೆ ಒರೆಸುಬಟ್ಟೆ ಇಟ್ಟಿತು.

ಆ ವಾರದಲ್ಲೇ ಒಂದು ಮಧ್ಯಾಹ್ನ ಸೊಸೆ ಬೇಗ ಬಂದಾಗ ಮನೆ ಖಾಲಿಯಿತ್ತು. ಅವಳು ಲಾಂಡ್ರಿಯ ಬಟ್ಟೆಯಲ್ಲೇ ಬೀದಿಗೆ ಓಡಿದಳು. ಅತ್ತೆ ಸಿಕ್ಕಿದ್ದು ಬಸ್ ನಿಲ್ದಾಣದ ಬೆಂಚಿನ ಮೇಲೆ, ಕಾಲಲ್ಲಿ ಚಪ್ಪಲಿ, ಪಕ್ಕದಲ್ಲಿ ಮಾರಾಯ. ಬಸ್ಸಿಗೆ ಕಾದು ನಿಂತವರಲ್ಲಿ ಒಬ್ಬನ ಬೆರಳಿನ ಗಾಯ ನೋಡಿ ಬೈಯುತ್ತಿದ್ದಳು. ಮುಖ ಬಿಸಿಲಿಗೆ ಕೆಂಪಾಗಿತ್ತು. ಎಷ್ಟೋ ತಿಂಗಳಿಂದ ಆ ಮುಖಕ್ಕೆ ಅಷ್ಟು ಬಣ್ಣ ಬಂದಿರಲಿಲ್ಲ.

"ಚಪ್ಪಲಿ ಎಲ್ಲಿತ್ತು ಅತ್ತೆ?"

ಅಜ್ಜಿಯ ಮುಖ ಇಳಿಯಿತು. "ಅಡುಗೆಮನೆಯಲ್ಲಿ ಕಣೇ. ಅಕ್ಕಿ ಡಬ್ಬದ ಹಿಂದೆ. ಮಾರಾಯ ಎಳ್ಕೊಂಡು ಬಂದ." ದನಿ ತಗ್ಗಿಸಿದಳು. "ಅಕ್ಕಿ ಇರೋ ಜಾಗದಲ್ಲಿ ಚಪ್ಪಲಿ ಇಟ್ಟಿದ್ದೀನಿ, ನಾನು! ನಿನ್ನ ಗಂಡನಿಗೆ ಹೇಳ್ಬೇಡ."

ಅಲ್ಲಿಟ್ಟವಳು ಸೊಸೆಯೇ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. "ಒಮ್ಮೊಮ್ಮೆ ಹಾಗಾಗುತ್ತೆ" ಎಂದಳು, ಅಭ್ಯಾಸಬಲ.

ಆಮೇಲೆ ಬಚ್ಚಿಡುವವರಿಗೂ ನಾಯಿಗೂ ಪೈಪೋಟಿ ಬಿತ್ತು. ಬಟ್ಟೆ ಒಗೆಯುವ ಯಂತ್ರದ ಒಳಗಿಟ್ಟರೆ ಮುಚ್ಚಳ ತೆಗೆದವರ ತೋಳಿನಡಿಯಿಂದ ಮೂತಿ ತೂರಿಸಿ ತಂದಿತು. ಹಳೆಯ ಸೂಟ್‌ಕೇಸಿನಲ್ಲಿಟ್ಟರೆ ಸೂಟ್‌ಕೇಸನ್ನೇ ಅಜ್ಜಿಯ ಮುಂದಕ್ಕೆ ಎಳೆದು ತಂದಿತು. ಪ್ರತಿ ಸಲವೂ ಅಜ್ಜಿ ಚಪ್ಪಲಿ ಸಿಕ್ಕಿದ ಜಾಗವನ್ನು ಕೇಳಿ, ತಲೆಯ ಮೇಲೆ ಕೈಯಿಟ್ಟು ಕೂರುತ್ತಿದ್ದಳು. "ಸೂಟ್‌ಕೇಸಿನಲ್ಲಾ? ಯಾವಾಗ ಇಟ್ಟೆ? ಎಲ್ಲಿಗೆ ಹೊರಟಿದ್ದೆ ನಾನು?"

"ಅಪ್ಪ, ಇದು ಸರಿ ಇಲ್ಲ," ಎಂದಳು ಮೊಮ್ಮಗಳು, ಅಂಗಡಿಗೆ ಊಟದ ಡಬ್ಬಿ ತಂದವಳು.

"ಬೀಗ ಹಾಕ್ಲಾ ಹಾಗಾದ್ರೆ? ಹೇಳು. ಈಗಲೇ ಒಂದು ಒಳ್ಳೇದು ತಗೊಂಡು ಬರ್ತೀನಿ." ಅವನು ಗೋಡೆಯಲ್ಲಿ ತೂಗುತ್ತಿದ್ದ ಬೀಗಗಳ ಕಡೆ ಕೈ ಬೀಸಿದ. "ಮತ್ತೆ ಲಾರಿ ಅಡಿಗೆ ಹೋದ್ರೆ ಯಾರು ಹೊಣೆ? ನಿನ್ನ ನಾಯಿಯಾ?"

ಮೊಮ್ಮಗಳು ಡಬ್ಬಿಯನ್ನು ಕುಕ್ಕಿ ಹೋದಳು. ಮರುದಿನದಿಂದ ಚಪ್ಪಲಿ ಅವನ ಹತ್ಯಾರಿನ ಚೀಲ ಸೇರಿ ಅಂಗಡಿಗೇ ಹೋಗತೊಡಗಿತು. ಅಲ್ಲಿಗೆ ಯಾವ ನಾಯಿ ಬರುತ್ತದೆ?

ಮನೆಯಲ್ಲಿ ಮಾರಾಯ ಹುಡುಕಿ ಹುಡುಕಿ ಸೋತು, ಸಿಕ್ಕಿದ್ದನ್ನು ತಂದಿತು. ಸೊಸೆಯ ಹಳೆಯ ಬೂಟು, ಮೊಮ್ಮಗಳ ಓಟದ ಷೂ, ಬೀಗದವನ ಸ್ನಾನದ ಮನೆಯ ಚಪ್ಪಲಿ. ಸಂಜೆ ಬಂದವರಿಗೆ ಅಜ್ಜಿಯ ಕುರ್ಚಿಯ ಸುತ್ತ ಪಾದರಕ್ಷೆಗಳ ಅಂಗಡಿಯೇ ಕಾಣುತ್ತಿತ್ತು. ನಡುವೆ ಬರಿಗಾಲು ಮೇಲೆತ್ತಿಕೊಂಡು ಅವಳು ಕೂತಿರುತ್ತಿದ್ದಳು. ಮೊದಲ ದಿನ ನಕ್ಕರು. ಆಮೇಲೆ ನಗಲಿಲ್ಲ. ಅಜ್ಜಿ ಮಾತು ಕಡಿಮೆ ಮಾಡಿದ್ದಳು. ನಾಯಿಗೂ ಕತೆ ಹೇಳುತ್ತಿರಲಿಲ್ಲ.

ಡಾಕ್ಟರ ಬಳಿ ತೋರಿಸುವ ದಿನ ಬಂತು. ಹೊರಡುವ ಮುಂಚೆ ಚಪ್ಪಲಿ ಭಾನುವಾರದಂತೆ ಬಾಗಿಲ ಬಳಿಯೇ ಸಿಕ್ಕಿತು. ಡಾಕ್ಟರು, "ಹೇಗಿದ್ದೀರಿ ಸಿಸ್ಟರ್? ಮರೆವು ಹೇಗಿದೆ?" ಎಂದರು.

ಅಜ್ಜಿ ತನ್ನ ಪಾದ ನೋಡಿಕೊಂಡಳು. "ಜಾಸ್ತಿ ಆಗಿದೆ ಡಾಕ್ಟ್ರೇ. ದಿನಾ ಚಪ್ಪಲಿ ಎಲ್ಲಿಡ್ತೀನಿ ಅಂತ ನನಗೇ ಗೊತ್ತಾಗಲ್ಲ. ಅಕ್ಕಿ ಹತ್ರ ಇಡ್ತೀನಿ, ಪೆಟ್ಟಿಗೆಯಲ್ಲಿಡ್ತೀನಿ. ಇಟ್ಟಿದ್ದು ಒಂದು ಚೂರೂ ನೆನಪಿಲ್ಲ. ಪಾಪ, ಮನೆಯವರೆಲ್ಲ ಕೆಲಸ ಬಿಟ್ಟು ಹುಡುಕ್ತಾರೆ."

"ಹೌದಾ?" ಡಾಕ್ಟರು ಮಗನನ್ನು ಕೇಳಿದರು.

ಬೀಗದವನು ಕೆಮ್ಮಿದ. ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಡಾಕ್ಟರು ಕೆಮ್ಮನ್ನು ಹೌದೆಂದೇ ತೆಗೆದುಕೊಂಡು ಗುಳಿಗೆ ಹೆಚ್ಚಿಸಿದರು. ಹೊಸ ಗುಳಿಗೆಗೆ ಅಜ್ಜಿ ಮಧ್ಯಾಹ್ನವೆಲ್ಲ ತೂಕಡಿಸುತ್ತಿದ್ದಳು, ಬಾಯಿ ಸ್ವಲ್ಪ ತೆರೆದು.

ಅದಾಗಿ ಕೆಲವು ದಿನಕ್ಕೆ ಬೀಗದವನು ಅಂಗಡಿಯಿಂದ ಬೇಗ ಬಂದ. ಎಲ್ಲರೂ ಊಟಕ್ಕೆ ಕೂರುವ ಹೊತ್ತು. ಸಾಮಾನ್ಯವಾಗಿ ಅವನು ಚೀಲವನ್ನು ಗೂಟಕ್ಕೆ ತೂಗುಹಾಕಿ ಆಮೇಲೆ ಕೈತೊಳೆಯುವವನು. ಅಂದು ಹಸಿವಿತ್ತು, ಚೀಲವನ್ನು ಬಾಗಿಲ ಬಳಿ ನೆಲಕ್ಕಿಟ್ಟು ನೇರವಾಗಿ ಬಂದು ಕೂತ.

ಮಾರಾಯನಿಗೆ ಬಂದವರನ್ನು ಬರಿಬಾಯಲ್ಲಿ ಎದುರುಗೊಂಡು ಅಭ್ಯಾಸವಿಲ್ಲ. ಅದು ಚೀಲದೊಳಗೆ ತಲೆ ಹಾಕಿತು. ಅರಗಳು, ಕೀಲಿ ಗೊಂಚಲುಗಳು ಘಲಘಲ ಎಂದವು. ಸೊಸೆ ಏಳುವಷ್ಟರಲ್ಲಿ ಅದು ಒಂದು ಚಪ್ಪಲಿಯನ್ನು ಮೊಟ್ಟೆ ಹಿಡಿದಷ್ಟೇ ಮೆಲ್ಲಗೆ ಹಿಡಿದು ತಂದು ಅಜ್ಜಿಯ ಕಾಲ ಬಳಿ ಇಟ್ಟಿತು. ಮತ್ತೆ ಹೋಗಿ ಇನ್ನೊಂದನ್ನು ತಂದಿತು. ಬಾಲ ಬೀಸುತ್ತ ಎಲ್ಲರ ಮುಖ ನೋಡಿತು.

ಅಜ್ಜಿ ಚಪ್ಪಲಿ ನೋಡಿದಳು, ಚೀಲ ನೋಡಿದಳು.

"ನಿನ್ನ ಚೀಲಕ್ಕೆ ನಾನು ಹಾಕಿದ್ನಾ?"

ಬೀಗದವನು ಕಲಸಿದ ಅನ್ನವನ್ನೇ ಮತ್ತೆ ಕಲಸಿದ.

"ಬೆಳಿಗ್ಗೆ ನೀನು ಚೀಲ ತಗೊಂಡು ಹೋಗೋ ಮುಂಚೆ ಹಾಕಿದ್ನಾ? ನೆನಪು ಮಾಡಿ ಹೇಳಪ್ಪ. ನನಗೆ ನೆನಪಾಗ್ತಿಲ್ಲ."

ಸೊಸೆ ಬಾಯಿ ತೆರೆದಳು. "ಎಲ್ಲೋ..." ಎಂದು ಶುರುಮಾಡಿ ಗಂಡನ ಕಡೆ ನೋಡಿ ನಿಲ್ಲಿಸಿದಳು. ಅವನು ಹೌದಮ್ಮ ಅಂದಿದ್ದರೆ ಮುಗಿಯುತ್ತಿತ್ತು. ಅಜ್ಜಿ ನಂಬುತ್ತಿದ್ದಳು, ನಂಬಲು ತಯಾರಾಗಿ ಕೂತಿದ್ದಳು.

"ನಾನೇ ಹಾಕಿದ್ದು," ಎಂದ ಬೀಗದವನು.

"ಅಕ್ಕಿ ಡಬ್ಬದ ಹಿಂದೆ?"

"ಅದು ನಾನು ಅತ್ತೆ."

"ಪೆಟ್ಟಿಗೆಯಲ್ಲಿ?"

ಮೊಮ್ಮಗಳು ತಟ್ಟೆ ನೋಡುತ್ತ ಅಳುತ್ತಿದ್ದಳು. ಅದೇ ಉತ್ತರ.

ಅಜ್ಜಿ ಕೂಗಾಡಲಿಲ್ಲ. ಕೂಗಾಡಿದ್ದರೆ ಅವರಿಗೆ ಸುಲಭವಾಗುತ್ತಿತ್ತು. "ದಿನಾ ಬೆಳಿಗ್ಗೆ ಎದ್ದು ನಾನು ಚಪ್ಪಲಿ ಮಾತ್ರ ಹುಡುಕ್ತಿರಲಿಲ್ಲ ಕಣೋ," ಎಂದಳು. "ಇವತ್ತು ತಲೆಯಲ್ಲಿ ಇನ್ನೂ ಏನು ಉಳಿದಿದೆ ಅಂತ ಹುಡುಕ್ತಿದ್ದೆ. ಇಲ್ಲ, ಇದೂ ಹೋಯ್ತು ಅಂತ ದಿನಾ ಲೆಕ್ಕ ಬರ್ಕೊಳ್ತಿದ್ದೆ. ಡಾಕ್ಟರ ಮುಂದೆ ಹೇಳಿದಾಗಲೂ ಸುಮ್ನಿದ್ಯಲ್ಲ, ಕೆಮ್ಮಿ."

"ನಿನ್ನ ಒಳ್ಳೇದಕ್ಕೇ ಅಮ್ಮ. ಲಾರಿ..."

"ಬೀಗ ಹಾಕಿದ್ರೆ ಬಾಗಿಲು ಬಡಿದು ಬಡಿದು ನಿಮ್ಮನ್ನ ಬೈತಿದ್ದೆ. ನನ್ನನ್ನ ನಾನು ಬೈಕೊಳ್ಳೋ ಹಾಗೆ ಮಾಡಿದ್ರಿ." ಅವಳು ಬಗ್ಗಿ ಚಪ್ಪಲಿ ಹಾಕಿಕೊಂಡಳು. ಎಲ್ಲಿಗೂ ಹೋಗಲಿಲ್ಲ. ಚಪ್ಪಲಿ ಕಾಲಲ್ಲೇ ಊಟ ಮುಗಿಸಿ, ಚಪ್ಪಲಿ ಕಾಲಲ್ಲೇ ಮಲಗಿದಳು. ಮಾರಾಯ ಮಂಚದ ಪಕ್ಕ ಮಲಗಿತು.

ಮರುದಿನ ಬೀಗದವನು ಅಂಗಡಿ ತೆರೆಯುವ ಮುಂಚೆ ಡಾಕ್ಟರ ಬಳಿ ಹೋಗಿ ನಿಜ ಹೇಳಿದ. ಡಾಕ್ಟರು ಗುಳಿಗೆ ಹಿಂದಿನಷ್ಟಕ್ಕೇ ಇಳಿಸಿದರು. ಕಾಯಿಲೆ ಪೂರಾ ಸುಳ್ಳಲ್ಲ, ಅದು ಇದ್ದೇ ಇದೆ ಎಂದೂ ಹೇಳಿದರು. ಚಪ್ಪಲಿ ಬಾಗಿಲ ಬಳಿ ಉಳಿಯಿತು. ಅಜ್ಜಿ ಮಾರಾಯನನ್ನು ಕರೆದುಕೊಂಡು ಹೊರಟರೆ ಯಾರೂ ತಡೆಯಲಿಲ್ಲ. ಅಂಗಡಿಗೆ ಅರ್ಧ ಬಾಗಿಲು ಹಾಕಿ ಮಗ ದೂರದಿಂದ ಹಿಂಬಾಲಿಸಿದ.

ನಾಯಿ ದಾರಿ ಬಲ್ಲದೆಂದು ಅವನಿಗೊಂದು ಆಸೆಯಿತ್ತು. ಮಾರಾಯನಿಗೆ ಬೇಕರಿಯ ದಾರಿ ಬಿಟ್ಟು ಬೇರೇನೂ ತಿಳಿಯದು. ಮೂರು ರಸ್ತೆ ಕೂಡುವಲ್ಲಿ ಅಜ್ಜಿ ನಿಂತಳು. ಅತ್ತ ನೋಡಿದಳು, ಇತ್ತ ನೋಡಿದಳು. "ಯಾವ ಕಡೆ ಮಾರಾಯ?" ಎಂದಳು. ಅದು ಅವಳ ಮುಖ ನೋಡಿ ಕೂತುಕೊಂಡಿತು. ಇಬ್ಬರೂ ಹಾಗೇ ಇದ್ದರು, ಬಸ್ಸುಗಳು ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಬೀಗದವನು ಓಡಿಬಂದು ತೋಳು ಹಿಡಿದ.

"ನೀನೇನಪ್ಪ ಇಲ್ಲಿ?"

"ಯಾರಿಗೋ ಕೀಲಿ ಕೊಡೋದಿತ್ತಮ್ಮ."

"ಹೂಂ. ಕೆಮ್ಮು, ಕೆಮ್ಮು," ಎಂದಳು ಅಜ್ಜಿ. ಆದರೆ ತೋಳು ಬಿಡಿಸಿಕೊಳ್ಳಲಿಲ್ಲ.

ತಿಂಗಳು ತುಂಬಿ ಡ್ರಾಯಿಂಗ್ ಟೀಚರ್ ಬಂದಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತು, ಚಹಾ ಕುಡಿದಳು. ಅಷ್ಟರಲ್ಲಿ ಅಜ್ಜಿ ಬಾಗಿಲ ತನಕ ಹೋಗಿ ಬಂದು ಕುರ್ಚಿಯಲ್ಲಿ ಕೂತಳು. ಟೀಚರ್ ಕೇಳಿದಳು. "ಏನು ತೀರ್ಮಾನ ಮಾಡಿದ್ರಿ? ಆ ಮನೆಯವರು ನಾಳೆ ಕಾರು ಕಳಿಸ್ತೀವಿ ಅಂತಿದ್ದಾರೆ."

"ನಾಯಿ ಒಳ್ಳೇದೇ," ಎಂದ ಬೀಗದವನು. "ಆದ್ರೆ ನೀವು ಹೇಳಿದ್ದು ಒಂದೂ ಸುಳ್ಳಲ್ಲ. ಕಾಯಲ್ಲ, ದಾರಿ ಗೊತ್ತಿಲ್ಲ. ನಮಗೆ ಬೇಕಾಗಿದ್ದು ಬೇರೆ ಥರದ್ದು. ಈ ಮನೆಗೆ ಇದು..."

"ಇರಲಿ ಅದು," ಎಂದಳು ಸೊಸೆ.

ಗಂಡ ತಿರುಗಿ ನೋಡಿದ. ಮಗಳೂ ನೋಡಿದಳು. ಸೊಸೆಯ ಬಟ್ಟೆಯ ಮೇಲೆ ಆಗಲೂ ಹೊಂಬಣ್ಣದ ಕೂದಲಿತ್ತು. ಅದನ್ನು ಒಂದೊಂದಾಗಿ ಕೀಳುತ್ತ ಹೇಳಿದಳು. "ಅತ್ತೆಯನ್ನ ದಿನಾ ಹೊರಗೆ ಕರ್ಕೊಂಡು ಹೋಗ್ತೀವಿ ಅಂತ ನಾವು ಎಷ್ಟು ಸಲ ಹೇಳಿಲ್ಲ? ಹೋದ್ವಾ? ನಾಳೆ, ಭಾನುವಾರ, ಮುಂದಿನ ಭಾನುವಾರ. ಅತ್ತೆಗಾದ್ರೆ ನಾಳೆ ಅನ್ನಬಹುದು. ನಾಯಿಗೆ ಅನ್ನೋಕಾಗಲ್ಲ, ಒಳಗೇ ಗಲೀಜು ಮಾಡುತ್ತೆ. ಎರಡು ಹೊತ್ತು ಯಾರಾದ್ರೂ ಹೋಗ್ಲೇಬೇಕು. ಬೆಳಿಗ್ಗೆ ನೀವು, ಸಂಜೆ ಇವಳು. ನಾನು ಬೇಗ ಬಂದ ದಿನ ನಾನು. ಅತ್ತೆ ಜೊತೆಗೆ ಬರ್ತಾರೆ. ಅಷ್ಟೇ."

"ಕೂದಲು?"

"ಕೂದಲು ನೀವು ಗುಡಿಸಿ."

ಟೀಚರ್ ನಾಯಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಉದ್ದದ ಹೆಸರನ್ನು ಕೊನೆಯ ಸಲ ಕರೆದು, ಮುಖ ಬೇರೆ ಕಡೆ ಮಾಡಿ ಎದ್ದಳು. ಬಾಗಿಲಿಗೆ ಹೋದವಳು ಅಲ್ಲೇ ನಿಂತಳು. "ನನ್ನದೊಂದು ಚಪ್ಪಲಿ ಕಾಣ್ತಿಲ್ಲವಲ್ಲ?"

ಎಲ್ಲರೂ ಮಾರಾಯನನ್ನು ನೋಡಿದರು. ಅದು ಟೀಚರ್ ಬಂದಾಗಿನಿಂದ ಅವಳ ಕಾಲು ಬಿಟ್ಟು ಕದಲಿರಲಿಲ್ಲ.

"ನೀವೇ ಎಲ್ಲೋ ಇಟ್ಟಿರ್ತೀರಿ," ಎಂದಳು ಕುರ್ಚಿಯಿಂದ ಅಜ್ಜಿ. "ಸಿಗುತ್ತೆ ಬಿಡಿ. ಒಮ್ಮೊಮ್ಮೆ ಹಾಗಾಗುತ್ತೆ."

ಸೊಸೆಯ ಕೈಯಲ್ಲಿದ್ದ ಲೋಟಗಳು ಸದ್ದು ಮಾಡಿದವು. ಮೊಮ್ಮಗಳು ಬಾಗಿಲ ಹಿಂದೆ ನೋಡಿದಳು. ಬೀಗದವನು ಮಂಚದ ಕೆಳಗೆ ಬಗ್ಗಿ ಕೈಯಾಡಿಸಿದ. ಆ ಮನೆಯವರು ನಿಜವಾಗಿ ಒಂದು ಚಪ್ಪಲಿ ಹುಡುಕಿದ್ದು ಅದೇ ಮೊದಲು. ಹುಡುಕಾಟ ಕಂಡರೆ ಸುಮ್ಮನಿರದ ಮಾರಾಯ ಅಜ್ಜಿಯ ಕುರ್ಚಿಯ ಹಿಂದಕ್ಕೆ ಹೋಗಿ, ಬೆನ್ನಿಗೆ ಕೊಟ್ಟಿದ್ದ ದಿಂಬಿನ ಅಡಿಗೆ ಮೂತಿ ತೂರಿಸಿತು. ಟೀಚರ ಚಪ್ಪಲಿಯನ್ನು ಹೊರಗೆಳೆದು, ಯಾವಾಗಿನಂತೆ, ಅಜ್ಜಿಯ ಮಡಿಲಿಗೇ ಇಟ್ಟಿತು.

ಅಜ್ಜಿ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಅವಳ ಮುಖದಲ್ಲಿ ಅಚ್ಚರಿ ಇತ್ತು, ಅಥವಾ ಅಚ್ಚರಿಯಂಥದ್ದೇನೋ ಇತ್ತು.

"ಇದು ಇಲ್ಲಿ ಹೇಗೆ ಬಂತು?" ಎಂದು ಕೇಳಿದಳು, ಮಗನ ಕಣ್ಣನ್ನೇ ನೋಡುತ್ತ.

ಅದು ತಮಾಷೆಯೋ ಮರೆವೋ ಬೀಗದವನಿಗೆ ತಿಳಿಯಲಿಲ್ಲ. ಕೇಳುವ ಹಕ್ಕು ಆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಅವನು ಚಪ್ಪಲಿ ತೆಗೆದುಕೊಂಡು ಹೋಗಿ ಟೀಚರ ಕಾಲ ಮುಂದೆ ಜೋಡಿಸಿಟ್ಟ. ಆಮೇಲೆ ಪಕ್ಕದಲ್ಲಿದ್ದ ತಾಯಿಯ ಚಪ್ಪಲಿಯನ್ನೂ ತಂದು ಅವಳ ಕಾಲ ಬಳಿ ಇಟ್ಟ.

"ಏಳಮ್ಮ. ಮಾರಾಯನಿಗೆ ಹೊತ್ತಾಯ್ತು."